ಟ್ರಾನ್ಸ್‌ಫರ್ ಕೇಳಲು ಹೋಗಿ ಫಸ್ಟ್ ಇಯರ್‌ಗೆ ಸೇರಿದ್ದು

2018ರ ಮೇ ತಿಂಗಳು. ನನ್ನ ಬಿ.ಎಸ್ಸಿ. ಫಿಸಿಕ್ಸಿನ ಒಂದು ವರ್ಷ ಮುಗಿದಿತ್ತು. ಕಾಲೇಜು ನಮ್ಮ ಕಾಸರಗೋಡು ಜಿಲ್ಲೆಯದ್ದೇ, ಕಣ್ಣೂರು ವಿಶ್ವವಿದ್ಯಾಲಯದ ಕೆಳಗೆ ಬರುವಂಥದ್ದು. ಅಲ್ಲಿಂದ ಮಂಗಳೂರು ವಿಶ್ವವಿದ್ಯಾಲಯದ ಒಂದು ಕಾಲೇಜಿಗೆ, ನೇರ ಎರಡನೇ ವರ್ಷಕ್ಕೆ ಹೋಗಬೇಕು ಅಂತ ಹೊರಟೆ. ಕೊನೆಗೆ ಸೇರಿದ್ದು ಮೊದಲನೇ ವರ್ಷಕ್ಕೆ. ಈಗಲೂ ಊರಿನ ಮಕ್ಕಳು, ಅವರಿಗಿಂತ ಜಾಸ್ತಿ ಅವರ ಅಪ್ಪಂದಿರು, ಇದರ ಬಗ್ಗೆ ಕೇಳುತ್ತಾರೆ. ಪ್ರತಿ ಸಲ ಹೇಳುವ ಬದಲು ಒಮ್ಮೆ ಬರೆದಿಡುತ್ತಿದ್ದೇನೆ.

ಬಿಡಬೇಕು ಅನಿಸಿದ್ದು ಯಾಕೆ ಅಂದರೆ ಭಾಷೆ. ಹತ್ತನೇ ತರಗತಿವರೆಗೆ ನಾನು ಕನ್ನಡ ಮಾಧ್ಯಮ. ಪ್ಲಸ್ ಟುವಿನಲ್ಲಿ (ಕರ್ನಾಟಕದ ಪಿಯುಸಿ ಇದ್ದ ಹಾಗೆ) ಪುಸ್ತಕ ಇಂಗ್ಲಿಷಿನದ್ದು, ಆದರೆ ಕನ್ನಡ ಬಲ್ಲ ಟೀಚರ್‌ಗಳು ಇದ್ದರು. ಡಿಗ್ರಿಯಲ್ಲಿ ಬೋರ್ಡಿನ ಮೇಲೆ ಇಂಗ್ಲಿಷ್, ಬಾಯಲ್ಲಿ ಮಲಯಾಳ. ಬಸ್ಸಲ್ಲಿ, ಅಂಗಡಿಯಲ್ಲಿ ಸಾಕಾಗುವಷ್ಟು ಮಲಯಾಳ ನನಗೆ ಬರುತ್ತದೆ. ಆದರೆ ಜಡತ್ವದ ಮೊಮೆಂಟ್ ಅರ್ಥ ಮಾಡಿಕೊಳ್ಳಲು ಆ ಮಲಯಾಳ ಸಾಲಲಿಲ್ಲ. ಯಾರದ್ದೂ ತಪ್ಪಲ್ಲ. ತರಗತಿಯ ಮುಕ್ಕಾಲು ಪಾಲು ಮಕ್ಕಳಿಗೆ ಅದೇ ಸುಲಭವಾಗಿತ್ತು. ಜತೆಗೆ ನಮ್ಮ ಕುಂಬಳೆಯಿಂದ ಮಂಗಳೂರು ಸುಮಾರು 40 ಕಿಲೋಮೀಟರ್, ಕಣ್ಣೂರು 100ರ ಹತ್ತಿರ. ಕಾಯಿಲೆಯಾದರೂ ಬಟ್ಟೆ ತರಬೇಕಾದರೂ ನಾವು ಹೋಗುವುದು ಬಡಗಿನ ಕಡೆಗೇ. ಓದಲೂ ಅಲ್ಲಿಗೇ ಹೋದರಾಯ್ತು ಅಂದುಕೊಂಡೆ. ಅಷ್ಟು ಸಲೀಸಲ್ಲ.

ಮೊದಲು ಮಾಡಿದ ತಪ್ಪು ಹೇಳುತ್ತೇನೆ. ಕಾಲೇಜಿನ ಆಫೀಸಿಗೆ ಹೋಗಿ "ಟ್ರಾನ್ಸ್‌ಫರ್ ಫಾರ್ಮ್ ಕೊಡಿ" ಅಂತ ಕೇಳಿದೆ. ಟ್ರಾನ್ಸ್‌ಫರ್ ಅನ್ನುವುದು ಒಂದು ಫಾರ್ಮ್ ಅಂತ ನನ್ನ ಲೆಕ್ಕ. ಅಲ್ಲಿದ್ದ ಮೇಡಂ ಕೇಳಿದರು: ಯಾವ ಟ್ರಾನ್ಸ್‌ಫರ್? ಆಗ ಗೊತ್ತಾಯಿತು, ಇದರಲ್ಲಿ ಮೂರು ಬಗೆ. ಅದೇ ಕಾಲೇಜಲ್ಲಿ ಕೋರ್ಸ್ ಬದಲಿಸುವುದು ಒಂದು. ಆಗ ಅದಕ್ಕೆ ಅವಕಾಶವಿದ್ದದ್ದು ಅಡ್ಮಿಷನ್ ಮುಗಿಯುವ ಮೊದಲು, ಸೀಟು ಖಾಲಿ ಇದ್ದರೆ. ಅದೇ ಯೂನಿವರ್ಸಿಟಿಯ ಬೇರೆ ಕಾಲೇಜಿಗೆ ಹೋಗುವುದು ಇನ್ನೊಂದು. ನನ್ನ ಜತೆಗಿದ್ದ ಒಬ್ಬ ಹೀಗೆ ಮೂರನೇ ಸೆಮಿಸ್ಟರಿಗೆ ಪಯ್ಯನ್ನೂರು ಕಡೆಯ ಕಾಲೇಜಿಗೆ ಹೋದ. ಅದೇ ಕೋರ್ಸು, ಅದೇ ಪೇಪರು. ಎರಡೂ ಕಡೆಯ ಪ್ರಿನ್ಸಿಪಾಲರ ಒಪ್ಪಿಗೆ ಮತ್ತು ಯೂನಿವರ್ಸಿಟಿಯ ಆರ್ಡರ್ ಸಾಕಾಯಿತು. ಮೂರನೆಯದು ನನ್ನದು, ಯೂನಿವರ್ಸಿಟಿಯನ್ನೇ ಬದಲಿಸುವುದು. ಇಲ್ಲಿ ಬಿಡುವ ಕಡೆಯವರು ಕೊಡುವುದು ಟಿಸಿ, ಮಾರ್ಕ್‌ಲಿಸ್ಟ್, ಮೈಗ್ರೇಷನ್ ಸರ್ಟಿಫಿಕೇಟ್ (ಬೇರೆ ಕಡೆ ಸೇರಲು ಅಡ್ಡಿಯಿಲ್ಲ ಅನ್ನುವ ಕಾಗದ) ಅಷ್ಟೇ. ತಗೊಳ್ಳಬೇಕೋ ಬೇಡವೋ, ಯಾವ ವರ್ಷಕ್ಕೆ ಅನ್ನುವುದೆಲ್ಲ ಸೇರುವ ಕಡೆಯವರ ಕೈಯಲ್ಲಿ. ಅವರು ಮಾರ್ಕಿಗಿಂತ ಮೊದಲು ನೋಡುವುದು ಸಿಲೆಬಸ್.

ಟಿಸಿಗೆ ಅರ್ಜಿ ಹಾಕಿಯೇ ಬಿಡೋಣ ಅಂತಿದ್ದೆ. ಆಫೀಸಿನ ಆ ಮೇಡಂ ತಡೆದರು. "ಅಲ್ಲಿ ಸೀಟು ಗ್ಯಾರಂಟಿ ಆಗದೆ ಇಲ್ಲಿ ಹೆಸರು ತೆಗೆಸಬೇಡ, ಆಮೇಲೆ ಎರಡೂ ಇಲ್ಲ." ಆ ಒಂದು ಮಾತಿಗೆ ಅವರಿಗೆ ಇವತ್ತಿಗೂ ಋಣಿ.

ಆ ರಾತ್ರಿ ಒಂದು 200 ಪುಟದ ನೋಟ್‌ಬುಕ್ ತೆಗೆದುಕೊಂಡು ಕೂತೆ. ಎಡಗಡೆ ಪುಟದಲ್ಲಿ ಕಣ್ಣೂರಿನ ಎರಡು ಸೆಮಿಸ್ಟರಿನ ಪೇಪರ್‌ಗಳು, ಬಲಗಡೆ ಮಂಗಳೂರಿನವು. ಎರಡೂ ಸಿಲೆಬಸ್ ಪ್ರಿಂಟ್ ತೆಗೆಸಿಕೊಂಡು ಬಂದಿದ್ದೆ. ಹೊಂದುವುದಕ್ಕೆ ನೀಲಿ ಪೆನ್, ಹೊಂದದ್ದಕ್ಕೆ ಕೆಂಪು.

ಇಲ್ಲಿ ಒಂದು ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮ ಕಡೆಯವರಿಗೆಲ್ಲ ತೊಡಕಾಗುವುದು ಇಲ್ಲೇ. ಆಗ ಕೇರಳದ ಬಿ.ಎಸ್ಸಿ. ಅಂದರೆ ಒಂದು ಮೇನ್. ನನ್ನದು ಫಿಸಿಕ್ಸ್. ಮ್ಯಾಥ್ಸ್, ಕೆಮಿಸ್ಟ್ರಿ ಅದರ ಪಕ್ಕದ ಕಾಂಪ್ಲಿಮೆಂಟರಿ, ಮೊದಲ ಎರಡು ವರ್ಷ ಮಾತ್ರ. ಮಂಗಳೂರಿನಲ್ಲಿ ಹಾಗಲ್ಲ. ಪಿಸಿಎಂ, ಅಂದರೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್. ಮೂರೂ ಸಮಾನ, ಮೂರೂ ಕೊನೆಯ ಸೆಮಿಸ್ಟರ್‌ವರೆಗೆ. ಹಾಗಾಗಿ ಅವರ ಕೆಮಿಸ್ಟ್ರಿಯ ಪಕ್ಕದಲ್ಲಿ ನನ್ನ ಕೆಮಿಸ್ಟ್ರಿ ಇಟ್ಟರೆ ನನ್ನದು ತೆಳ್ಳಗೆ ಕಾಣುತ್ತಿತ್ತು. ಫಿಸಿಕ್ಸ್ ಥಿಯರಿ ಹೆಚ್ಚು ಕಡಿಮೆ ಸರಿಹೋಯಿತು. ಇಂಗ್ಲಿಷಿಗೆ ನೀಲಿ ಗೆರೆ. ಅಡಿಷನಲ್ ಲ್ಯಾಂಗ್ವೇಜ್ ಕನ್ನಡ ತೆಗೆದುಕೊಂಡಿದ್ದೆ, ಅದೂ ನೀಲಿ. (ಮಲಯಾಳ ಬರುತ್ತಿದ್ದರೂ ಕನ್ನಡವನ್ನೇ ತೆಗೆದುಕೋ ಅಂತ ಅಮ್ಮ ಹಟ ಹಿಡಿದಿದ್ದಳು. ಅದು ಹೀಗೆ ಕೆಲಸಕ್ಕೆ ಬರುತ್ತದೆ ಅಂತ ಅವಳಿಗೂ ಗೊತ್ತಿರಲಿಲ್ಲ.)

ಇನ್ನು ಕೆಂಪು. ಕೆಮಿಸ್ಟ್ರಿ ಥಿಯರಿ ಎರಡು. ಮ್ಯಾಥ್ಸ್ ಒಂದು. ಸಂವಿಧಾನ, ಮಾನವ ಹಕ್ಕು ಅಂತ ಅಲ್ಲಿ ಮೊದಲ ವರ್ಷಕ್ಕಿದ್ದ ಫೌಂಡೇಷನ್ ಪೇಪರ್ ಎರಡು. ಪ್ರಾಕ್ಟಿಕಲ್ ನಾಲ್ಕು. ಇದನ್ನು ನಾನು ಊಹಿಸಿಯೇ ಇರಲಿಲ್ಲ. ಲ್ಯಾಬ್ ನಾವೂ ಮಾಡಿದ್ದೆವು, ವಾರ ವಾರ. ಆದರೆ ನಮ್ಮ ಕೋರ್ಸಿನಲ್ಲಿ ಪ್ರಾಕ್ಟಿಕಲ್ ಪರೀಕ್ಷೆ ಎರಡನೇ ವರ್ಷದ ಕೊನೆಗೆ. ಅಲ್ಲಿ ಪ್ರತಿ ಸೆಮಿಸ್ಟರಿಗೆ. ಒಂದೇ ವರ್ಷಕ್ಕೆ ಬಿಟ್ಟು ಹೋಗುವವನ ಮಾರ್ಕ್‌ಲಿಸ್ಟಲ್ಲಿ ಪ್ರಾಕ್ಟಿಕಲ್ ಅನ್ನುವ ಸಾಲೇ ಇಲ್ಲ. ರೆಕಾರ್ಡ್ ಪುಸ್ತಕ ಕೈಯಲ್ಲಿದೆ, ಸಹಿ ಇದೆ, ಮಾರ್ಕು ಮಾತ್ರ ಇಲ್ಲ.

ಒಟ್ಟು ಒಂಬತ್ತು ಕೆಂಪು ಗೆರೆ.

ಆ ನೋಟ್‌ಬುಕ್ ಹಿಡಿದುಕೊಂಡು ಬೆಳಗಿನ ಪ್ಯಾಸೆಂಜರಿನಲ್ಲಿ ಮಂಗಳೂರಿಗೆ ಹೋದೆ. ನಾನು ಸೇರಬೇಕೆಂದಿದ್ದ ಕಾಲೇಜಿನ ಫಿಸಿಕ್ಸ್ ಮುಖ್ಯಸ್ಥರು ಸ್ಟಾಫ್ ರೂಮಿನಲ್ಲಿ ಪೇಪರ್ ತಿದ್ದುತ್ತಿದ್ದರು. ಪುಟ ಮಗುಚುತ್ತಾ ಹೋದರು. ನೀಲಿಯನ್ನು ಬಿಟ್ಟರು, ಕೆಂಪನ್ನು ಮಾತ್ರ ಎಣಿಸಿದರು.

"ಇದನ್ನು ಯಾರು ಮಾಡಿಕೊಟ್ಟದ್ದು?"

"ನಾನೇ ಸರ್."

"ನಿನ್ನನ್ನು ಮೂರನೇ ಸೆಮಿಸ್ಟರಿಗೆ ತಗೊಳ್ಳಬಹುದಾ ಅಂತ ಹೇಳಬೇಕಾದ್ದು ಯೂನಿವರ್ಸಿಟಿ, ನಾನಲ್ಲ. ತಗೊಂಡ್ರು ಅಂತಲೇ ಇಟ್ಕೊ. ಥರ್ಡ್ ಸೆಮ್ ಕ್ಲಾಸಲ್ಲಿ ಕೂತವನು ಫಸ್ಟ್ ಸೆಮ್ ಲ್ಯಾಬ್ ಯಾವಾಗ ಮಾಡ್ತೀಯ?"

ಗೋಡೆಗೆ ಅಂಟಿಸಿದ್ದ ಟೈಮ್ ಟೇಬಲ್ ತೋರಿಸಿದರು. ಮೊದಲ ವರ್ಷದವರ ಕೆಮಿಸ್ಟ್ರಿ ಲ್ಯಾಬ್ ಇದ್ದ ಮಧ್ಯಾಹ್ನವೇ ಎರಡನೇ ವರ್ಷದವರ ಫಿಸಿಕ್ಸ್ ಲ್ಯಾಬ್. ಬಾಕಿ ಇದ್ದ ಐದು ಥಿಯರಿ ಪೇಪರ್ ಓದಿ ಬರೆಯಬಹುದಿತ್ತು. ಒಂದೇ ಹೊತ್ತಿಗೆ ಎರಡು ಲ್ಯಾಬಿನಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ಮೊದಲ ವರ್ಷಕ್ಕೇ ಸೇರಬೇಕು ಅಂತ ನಾನು ಒಪ್ಪಿಕೊಂಡದ್ದು ಆ ಗೋಡೆಯ ಮುಂದೆ. ಯಾವ ನಿಯಮವನ್ನೂ ಓದಿ ಅಲ್ಲ.

ಮನೆಯಲ್ಲಿ ಹೇಳುವುದು ಕಷ್ಟವಾಯಿತು. ಅಪ್ಪ ಅಡಿಕೆ ಸುಲಿಯುತ್ತಾ ಕೂತಿದ್ದರು. "ಅಲ್ಲ ಮಾರಾಯ, ಪಾಸಾದ ಕ್ಲಾಸಿಗೆ ಯಾರಾದರೂ ಪುನಃ ಹೋಗ್ತಾರಾ?" ಅಂದರು. ಎರಡು ದಿನ ಮಾತಿಲ್ಲ. ಮೂರನೇ ದಿನ ಅದೇ ನೋಟ್‌ಬುಕ್ ಅವರಿಗೂ ತೋರಿಸಿದೆ. ಅವರಿಗೆ ಫಿಸಿಕ್ಸ್ ಗೊತ್ತಿಲ್ಲ, ಲೆಕ್ಕ ಗೊತ್ತು. ಕೆಂಪು ಗೆರೆ ಎಣಿಸಿ, "ಹಾಗಾದರೆ ಹೇಗೂ ಒಂದು ವರ್ಷ ಹೋಗಲಿಕ್ಕೆ ಉಂಟು. ತಲೆಬಿಸಿ ಇಲ್ಲದ ದಾರಿಯಲ್ಲೇ ಹೋಗಲಿ" ಅಂದರು.

ಮೊದಲ ವರ್ಷ ಅಂದ ಕೂಡಲೇ ಕಾಗದದ ಪಟ್ಟಿಯೂ ಬದಲಾಯಿತು. ಈಗ ಆಧಾರ ನನ್ನ ಪ್ಲಸ್ ಟು. ಕೇರಳ ಹೈಯರ್ ಸೆಕೆಂಡರಿಯ ಮೈಗ್ರೇಷನ್ ಬೇಕು. ಹೊರರಾಜ್ಯದ ಬೋರ್ಡಿನಿಂದ ಬಂದವನಾದ್ದರಿಂದ ಮಂಗಳೂರಿನ ಎಲಿಜಿಬಿಲಿಟಿ, ಅಂದರೆ ಸೇರಲು ಅರ್ಹ ಅನ್ನುವ ಸರ್ಟಿಫಿಕೇಟ್ ಬೇಕು. ನಡುವೆ ಒಂದು ವರ್ಷ ಎಲ್ಲಿದ್ದೆ ಅಂತ ತೋರಿಸಲು ಕಣ್ಣೂರಿನ ಟಿಸಿ, ನಡತೆಯ ಸರ್ಟಿಫಿಕೇಟ್, ಮೈಗ್ರೇಷನ್ ಕೂಡ ಬೇಕು. ಆ ವರ್ಷವನ್ನು ಮುಚ್ಚಿಟ್ಟು ಬರೀ ಪ್ಲಸ್ ಟು ತೋರಿಸಿ ಸೇರು ಅಂತ ಕೆಲವರು ಬುದ್ಧಿ ಹೇಳಿದರು. ನಾನು ಹಾಗೆ ಮಾಡಲಿಲ್ಲ. ಟಿಸಿಯ ಮೇಲಿನ ತಾರೀಕು ಹೇಗೂ ಬಾಯಿ ಬಿಡುತ್ತದೆ.

ತೊಡಕಾದದ್ದು ಹೆಸರಿನಲ್ಲಿ. ನಮ್ಮ ಕಡೆ ಇನಿಷಿಯಲ್ ಹೆಸರಿನ ಹಿಂದೆ ಬರುತ್ತದೆ, ಮುಂದೆಯೂ ಬರುತ್ತದೆ, ಬರೆಯುವವನ ಮರ್ಜಿ. ಅಪ್ಪ ನನ್ನ ಎಸ್ಎಸ್ಎಲ್‌ಸಿ ಪುಸ್ತಕದಲ್ಲಿ ನಾರಾಯಣ ಬಿ., ರೇಷನ್ ಕಾರ್ಡಿನಲ್ಲಿ ಬಿ. ಕೆ. ನಾರಾಯಣ. ಊರಲ್ಲಿ ಯಾರೂ ಇದನ್ನು ಕೇಳಿದವರಿಲ್ಲ. ಗಡಿಯ ತಲಪಾಡಿ ದಾಟಿದರೆ ಇಬ್ಬರು ಬೇರೆ ಬೇರೆ ಮನುಷ್ಯರು. ಇದಕ್ಕೆ ಮದ್ದು ವಿಲೇಜ್ ಆಫೀಸಿನ 'ಒನ್ ಅಂಡ್ ದಿ ಸೇಮ್' ಸರ್ಟಿಫಿಕೇಟ್. ಇಬ್ಬರೂ ಒಬ್ಬನೇ ಅಂತ ಬರೆದುಕೊಡುವ ಕಾಗದ. ಅಕ್ಷಯ ಕೇಂದ್ರದಲ್ಲಿ (ಸರ್ಕಾರಿ ಸೇವೆಗಳಿಗೆ ಆನ್‌ಲೈನ್ ಅರ್ಜಿ ಹಾಕಿಕೊಡುವ ಕೇರಳದ ಕೇಂದ್ರ) ಅರ್ಜಿ ಹಾಕಬಹುದು.

ಅರ್ಜಿಗೆ ಮಲಯಾಳದಲ್ಲಿ 'ಅಪೇಕ್ಷ' ಅನ್ನುತ್ತಾರೆ. ನಮಗೆ ಅಪೇಕ್ಷೆ ಅಂದರೆ ಆಸೆ. ಆ ಜೂನ್ ತಿಂಗಳಲ್ಲಿ ನಾನು ಮೂರು ಅಪೇಕ್ಷ ಬರೆದೆ. ಕೇರಳದ 1969ರ ಆಡಳಿತ ಭಾಷಾ ಕಾಯಿದೆಯ ಪ್ರಕಾರ ನಮ್ಮಂಥ ಕನ್ನಡ ಅಲ್ಪಸಂಖ್ಯಾತರು ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು. ಬೇರೆ ವಿಷಯಕ್ಕೆ ನಾನು ಹಾಗೆಯೇ ಬರೆಯುತ್ತೇನೆ. ಆದರೆ ಗಡಿಯ ಎರಡೂ ಕಡೆ ಓಡಾಡಬೇಕಾದ ಕಾಗದವನ್ನು ಇಂಗ್ಲಿಷಿನಲ್ಲಿ ಕೇಳಿ ತಗೊಳ್ಳಿ. ಮಲಯಾಳದ ಸರ್ಟಿಫಿಕೇಟನ್ನು ಆಚೆ ಕಡೆ ಓದುವವರು ಇರುವುದಿಲ್ಲ. ಭಾಷಾಂತರ ಮಾಡಿಸಿ ನೋಟರಿ ಹತ್ತಿರ ಹೋಗುವುದು ಸುಮ್ನೆ ಖರ್ಚು.

ಇನ್ನೊಂದು ಗೊಂದಲ ತುಂಬಾ ಜನರಿಗಿದೆ. ಕರ್ನಾಟಕದ ಸಿಇಟಿಯಲ್ಲಿ ಹೊರನಾಡು, ಗಡಿನಾಡು ಕನ್ನಡಿಗರಿಗೆ ಅವಕಾಶ ಉಂಟಲ್ಲ, ಅದರಲ್ಲೇ ಡಿಗ್ರಿಗೂ ಹೋಗಬಹುದಲ್ವಾ ಅಂತ. ಅದು ಇಂಜಿನಿಯರಿಂಗ್‌ನಂಥ ವೃತ್ತಿ ಕೋರ್ಸುಗಳಿಗೆ. ನಮ್ಮಂಥ ಸಾಮಾನ್ಯ ಬಿ.ಎ., ಬಿ.ಎಸ್ಸಿ. ಅದರಲ್ಲಿ ಬರುವುದಿಲ್ಲ.

ಫೀಸಿನ ವಿಷಯ. ನಾನು ಬಿಟ್ಟ ಮೇಲೆ, 2018ರ ಅಕ್ಟೋಬರಿನಲ್ಲಿ ಯೂನಿವರ್ಸಿಟಿಗಳಿಗೆ ನಿಯಮ ಮಾಡುವ ಕೇಂದ್ರ ಸಂಸ್ಥೆ ಯುಜಿಸಿ ಒಂದು ಅಧಿಸೂಚನೆ ಹೊರಡಿಸಿತು. ಅಡ್ಮಿಷನ್ನಿನ ಕೊನೆ ದಿನಕ್ಕೆ 15 ದಿನ ಮೊದಲೇ ಬಿಟ್ಟರೆ ಪ್ರೊಸೆಸಿಂಗ್ ಖರ್ಚು ಕಳೆದು ಪೂರ್ತಿ ಫೀಸು ವಾಪಸ್. ಅದಕ್ಕಿಂತ ತಡವಾದಂತೆ 90, 80, 50 ಶೇಕಡಾ. ಕೊನೆ ದಿನ ಕಳೆದು 30 ದಿನ ದಾಟಿದರೆ ಏನೂ ಇಲ್ಲ. ಒರಿಜಿನಲ್ ಸರ್ಟಿಫಿಕೇಟುಗಳನ್ನು ಕಾಲೇಜು ತನ್ನ ಹತ್ತಿರ ಇಟ್ಟುಕೊಳ್ಳಬಾರದು ಅಂತಲೂ ಅದರಲ್ಲಿದೆ. ಸೇರಿದ ಎರಡೇ ವಾರಕ್ಕೆ 'ಇದು ನನ್ನ ಕೋರ್ಸಲ್ಲ' ಅನಿಸಿದವರು ಆ ದಿನಗಳನ್ನು ಎಣಿಸಬೇಕು. ನನ್ನ ಹಾಗೆ ವರ್ಷ ಕಳೆದ ಮೇಲೆ ಆ ಪಟ್ಟಿ ಓದಿ ಪ್ರಯೋಜನವಿಲ್ಲ.

ಮಂಗಳೂರಿನ ಮೂರು ವರ್ಷದ ಬಗ್ಗೆ ಜಾಸ್ತಿ ಹೇಳಲಿಕ್ಕಿಲ್ಲ. ಕುಂಬಳೆಯಿಂದ ರೈಲಿನ ಸೀಸನ್ ಟಿಕೆಟ್, ರೈಲು ತಪ್ಪಿದರೆ ಬಸ್ಸು. ಮೊದಲ ಸೆಮಿಸ್ಟರಿನ ಫಿಸಿಕ್ಸ್ ಎರಡನೇ ಸಲ ಕೇಳುವಾಗ ನಿದ್ದೆ ಬಂತು, ನಿಜ. ಆದರೆ ಅರ್ಥವೂ ಆಯಿತು. 2020ರ ಮಾರ್ಚಿನಲ್ಲಿ ಕೋವಿಡ್ ಬಂದು ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ನಾನು ಈಚೆ, ನನ್ನ ಕೆಮಿಸ್ಟ್ರಿ ರೆಕಾರ್ಡ್ ಆಚೆ, ಫ್ರೆಂಡಿನ ರೂಮಿನಲ್ಲಿ. ದಿನಾ ದಾಟುತ್ತಿದ್ದ ಜಾಗ ಗಡಿ ಅಂತ ನನಗೆ ಅನಿಸಿದ್ದು ಆಗಲೇ.

ಈಗ ಹೋಗುವವರಿಗೆ ಲೆಕ್ಕ ಬೇರೆ. 2024ರಲ್ಲಿ ಕೇರಳ ನಾಲ್ಕು ವರ್ಷದ ಡಿಗ್ರಿ ಶುರು ಮಾಡಿತು. ಅದೇ ವರ್ಷ ಕರ್ನಾಟಕ ನಾಲ್ಕು ವರ್ಷದ್ದನ್ನು ಬಿಟ್ಟು ಮೂರು ವರ್ಷಕ್ಕೆ ವಾಪಸ್ ಬಂತು. ನಾವು ಮಧ್ಯದಲ್ಲಿರುವವರು! ಅಕ್ಕನ ಮಗಳು ಈ ಹೊಸ ಪದ್ಧತಿಯಲ್ಲೇ ಓದುತ್ತಿದ್ದಾಳೆ. ಅವಳಿಗೆ ಕೋರ್ಸ್ ಹಿಡಿಸಲಿಲ್ಲ, ಆದರೆ ಊರು ಬಿಡುವ ಅಗತ್ಯ ಬೀಳಲಿಲ್ಲ. ಕೇರಳದ ಹೊಸ ಪದ್ಧತಿಯಲ್ಲಿ ಮೊದಲ ವರ್ಷ ಮುಗಿದ ಮೇಲೆ ಮೇಜರ್, ಅಂದರೆ ಮುಖ್ಯ ವಿಷಯ ಬದಲಿಸಲು ಅವಕಾಶವಿದೆ, ಹಾಗೇ ಮಾಡಿದಳು. ಕ್ರೆಡಿಟ್‌ಗಳೆಲ್ಲ ಎಬಿಸಿ ಐಡಿಯಲ್ಲಿ (ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್, ಪಾಸಾದ ಪೇಪರುಗಳ ಲೆಕ್ಕ ಇಡುವ ಖಾತೆ) ಇರುತ್ತವೆ, ಡಿಜಿಲಾಕರಿನಲ್ಲಿ ನೋಡಬಹುದು. "ಮಾವ, ನನ್ನ ಕ್ರೆಡಿಟ್ ಎಲ್ಲಾ ಬ್ಯಾಂಕಲ್ಲುಂಟು, ನಿಮ್ಮ ಹಾಗೆ ನೋಟ್‌ಬುಕ್ಕಲ್ಲಲ್ಲ" ಅಂತ ಕೆಣಕುತ್ತಾಳೆ. ಇರಲಿ. ಆ ಕ್ರೆಡಿಟ್ಟನ್ನು ತನ್ನ ಯಾವ ಪೇಪರಿಗೆ ಸಮ ಅಂತ ಹಿಡಿಯಬೇಕು ಅನ್ನುವುದನ್ನು ಸೇರಿಸಿಕೊಳ್ಳುವ ಯೂನಿವರ್ಸಿಟಿಯೇ ಹೇಳಬೇಕು. ಅವಳಿಗೂ ಸಿಲೆಬಸ್ ಪ್ರಿಂಟ್ ತೆಗೆಸಿ ಇಡು ಅಂದಿದ್ದೇನೆ.

2021ರಲ್ಲಿ ಡಿಗ್ರಿ ಆಯಿತು. ನನಗೆ ಊರಿನ ಕನ್ನಡ ಶಾಲೆಯಲ್ಲೇ ಮಾಷ್ಟ್ರಾಗಬೇಕಿತ್ತು, ಹಾಗಾಗಿ ಬಿ.ಎಡ್.ಗೆ ಈಚೆ ಕಡೆ, ಕೇರಳದಲ್ಲೇ ಅರ್ಜಿ ಹಾಕಿದೆ. ಫಾರ್ಮಿನಲ್ಲಿ ಒಂದು ಕಾಲಂ: ಮೇನ್ ಸಬ್ಜೆಕ್ಟ್. ಒಂದನ್ನೇ ಆರಿಸಬೇಕು. ನನ್ನ ಹತ್ತಿರ ಮೂರು. ಫಿಸಿಕ್ಸ್ ಅಂತ ಒತ್ತಿದೆ. ಸರ್ಟಿಫಿಕೇಟ್ ನೋಡುವ ದಿನ ಕ್ಲಾರ್ಕ್ ಮಲಯಾಳದಲ್ಲಿ ಕೇಳಿದರು, ಇದರಲ್ಲಿ ಮೇನ್ ಯಾವುದು ಅಂತ ಹೇಗೆ ಗೊತ್ತಾಗುವುದು?

ಮಂಗಳೂರು ಬಿಡುವ ಮೊದಲೇ ಆರೂ ಸೆಮಿಸ್ಟರಿನ ಸಿಲೆಬಸ್ಸಿಗೆ ಸೀಲು, ಸಹಿ ಹಾಕಿಸಿ ಮೂರು ಪ್ರತಿ ತಂದಿದ್ದೆ. ಒಂದನ್ನು ಮೇಜಿನ ಮೇಲಿಟ್ಟೆ. ಅವರು ಒಂದು ಬಿಳಿ ಹಾಳೆ ತೆಗೆದುಕೊಂಡು ನಡುವೆ ಉದ್ದಕ್ಕೆ ಗೆರೆ ಎಳೆದರು. ಎಡಗಡೆ ಅವರಿಗೆ ಬೇಕಾದ ಪೇಪರ್‌ಗಳು, ಬಲಗಡೆ ನನ್ನವು. ಆಮೇಲೆ ಡ್ರಾಯರಿನಲ್ಲಿ ಕೆಂಪು ಪೆನ್ ಹುಡುಕತೊಡಗಿದರು.