ವಿನೈಲ್ ಗೊಂಬೆ, ಹ್ಯಾಲೊಜೆನ್ ಲೈಟು ಮತ್ತೆ ನನ್ನ ಹತ್ತು ಡೂಪ್ಲಿಕೇಟು

ನಾನೇನು ವಿನೈಲ್ ಗೊಂಬೆಗಳ, ಅಂದ್ರೆ ಕಲಾವಿದರು ರೂಪಿಸೋ ಪಿವಿಸಿ ಪ್ಲಾಸ್ಟಿಕ್ ಗೊಂಬೆಗಳ, ದೊಡ್ಡ ಕಲೆಕ್ಟರ್ ಅಲ್ಲ. ಮನೇಲಿರೋದು 41 ಪೀಸು, ಅದ್ರಲ್ಲೂ ಹತ್ತು ಡೂಪ್ಲಿಕೇಟು, ಪುಕ್ಕಟೆ ಕೊಡ್ತೀನಿ ಅಂದ್ರೂ ಯಾರೂ ತಗೊಳ್ತಿಲ್ಲ.

2017ರಲ್ಲಿ ಕೆಲಸದ ಮೇಲೆ ಮೈಸೂರಿಂದ ಹಾಂಗ್‌ಕಾಂಗ್‌ಗೆ ಹೋದೆ. ಆಗ ಅಲ್ಲಿ ಕೆನ್ನಿ ವಾಂಗ್ ಅನ್ನೋ ಕಲಾವಿದರ ಮಾಲಿ (Molly), ಅದೇ ತುಟಿ ಚೂಪು ಮಾಡ್ಕೊಂಡಿರೋ ಹುಡುಗಿ ಗೊಂಬೆ, ಬ್ಲೈಂಡ್ ಬಾಕ್ಸಲ್ಲಿ ಬರ್ತಿತ್ತು. ಒಳಗೆ ಯಾವ್ದಿದೆ ಅಂತ ಬಿಚ್ಚೋವರ್ಗೂ ಗೊತ್ತಾಗಲ್ಲ. ಊಟದ ಬ್ರೇಕಲ್ಲಿ ಒಂದು, ಸಂಜೆ ಟ್ರೈನ್ ಹತ್ತೋ ಮುಂಚೆ ಒಂದು ಅಂತ 19 ಡಬ್ಬಿ ತಗೊಂಡೆ, ಸಿಕ್ಕಿದ್ದು ಒಂಬತ್ತು ಥರ ಮಾತ್ರ, ಮಿಕ್ಕ ಹತ್ತು ಆಗ್ಲೇ ಇದ್ದಿದ್ದೇ. ಆಮೇಲೆ ಕೂತು ಲೆಕ್ಕ ಹಾಕಿದೆ. 12 ಗೊಂಬೆಯ ಸೆಟ್ಟನ್ನ ಬಿಡಿಬಿಡಿ ಡಬ್ಬಿ ತಗೊಂಡೇ ಪೂರ್ತಿ ಮಾಡ್ತೀನಿ ಅಂದ್ರೆ ಸರಾಸರಿ 37 ಡಬ್ಬಿ ಬೇಕು. ಸೀಕ್ರೆಟ್ ಗೊಂಬೆ, ಅಂದ್ರೆ ಆ 12ರಲ್ಲಿ ಸೇರದ ಅಪರೂಪದ್ದು, ಅದಂತೂ 144 ಡಬ್ಬಿಗೆ ಒಂದು. ನಮ್ಮಜ್ಜ ಲಾಟರಿ ಟಿಕೆಟ್ ತಗೊಂಡು ಬಂದಾಗ ಮನೆಯವ್ರೆಲ್ಲಾ ಬೈತಿದ್ರು, ನಾನೂ ಅದನ್ನೇ ಮಾಡ್ತಿದ್ದೆ, ಡಬ್ಬಿ ಚೆನ್ನಾಗಿತ್ತು ಅಷ್ಟೇ.

ಆ ಚಟದಿಂದ ತಪ್ಪಿಸಿದ್ದು ಮಾಂಗ್‌ಕಾಕ್‌ನ ಸಿಟಿಎಂಎ ಸೆಂಟರು, ಮತ್ತೆ ಯೌ ಮಾ ತೇಯ್ ಹತ್ರ ಇನ್ಸ್ ಪಾಯಿಂಟ್. ಎರಡೂ ಅಂಗಡಿ ತುಂಬಿದ ಬಿಲ್ಡಿಂಗು, ಒಳಗೆ ಗೋಡೆ ತುಂಬಾ ಗಾಜಿನ ಗೂಡುಗಳು, ಒಂದೊಂದು ಗೂಡನ್ನ ಒಬ್ಬೊಬ್ರು ಬಾಡಿಗೆಗೆ ತಗೊಂಡು ತಮ್ಮ ಗೊಂಬೆ ಇಟ್ಟಿರ್ತಾರೆ, ಮೇಲೆ ರೇಟಿನ ಚೀಟಿ. ಬಿಚ್ಚಿದ ಪೀಸು, ಕಣ್ಣೆದುರಿಗೇ ಇರುತ್ತೆ. ನಾನು ಶನಿವಾರ ಹೋಗಿ ಸುಮ್ನೆ ನೋಡ್ತಾ ನಿಲ್ತಿದ್ದೆ. ಮೂರು ವಾರ ಬಿಟ್ಟು ಬಂದಾಗ್ಲೂ ಅದೇ ಬೇಕು ಅನ್ಸಿದ್ರೆ ಮಾತ್ರ ದುಡ್ಡು ತೆಗಿತಿದ್ದೆ. ಅಷ್ಟರಲ್ಲಿ ಮಾರಿ ಹೋಗಿದ್ದೂ ಉಂಟು, ಕೆಲವಕ್ಕೆ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಹಾಂಗ್‌ಕಾಂಗ್ ಅಂದ್ರೆ ಈ ಹುಚ್ಚಿಗೆ ತೌರುಮನೆ ಇದ್ದ ಹಾಗೆ. ಮೈಕೆಲ್ ಲಾವ್ ಅನ್ನೋ ಕಲಾವಿದ ಬ್ಯಾಗಿ ಪ್ಯಾಂಟು, ಸ್ಕೇಟ್‌ಬೋರ್ಡು ಹುಡುಗರನ್ನ ಗೊಂಬೆ ಮಾಡಿ ಗಾರ್ಡನರ್ ಅಂತ 1999ರಲ್ಲಿ ಪ್ರದರ್ಶನಕ್ಕಿಟ್ಟಿದ್ದು ಅಲ್ಲೇ. ಈಗ ಎಲ್ರ ಬ್ಯಾಗಲ್ಲೂ ನೇತಾಡ್ತಿರೋ ಲಬುಬು ಕೂಡ ಅಲ್ಲೇ ಹುಟ್ಟಿದ ಕಾಸಿಂಗ್ ಲಂಗ್ 2015ರಲ್ಲಿ ಬರೆದ ಪಾತ್ರ. ಆದ್ರೆ ಬ್ಯಾಗಿಗೆ ಹಾಕೋದಕ್ಕೆ ಮುಖ, ಕೈ, ಪಾದ ಮಾತ್ರ ವಿನೈಲು, ಮೈ ಬಟ್ಟೆ. ನಂಗೆ ಬೇಕಿದ್ದಿದ್ದು ಪೂರ್ತಿ ವಿನೈಲಿಂದು, ಅದ್ರಲ್ಲೂ ಜಪಾನಿನವ್ರು ಸೋಫುಬಿ ಅಂತಾರಲ್ಲ, ಅದು. ಮೇಣದ ಮೂಲ ಗೊಂಬೆಯಿಂದ ಲೋಹದ ಅಚ್ಚು ಮಾಡಿ, ದ್ರವ ಪಿವಿಸಿ ಹೊಯ್ದು, ಕಾಯಿಸಿ, ಗೋಡೆಗೆ ಅಂಟಿದ ಪದರ ಬಿಟ್ಟು ಮಿಕ್ಕಿದ್ದನ್ನ ಸುರಿದು, ಬಿಸಿ ಇದ್ದಾಗ್ಲೇ ಇಕ್ಕಳದಲ್ಲಿ ಅಚ್ಚಿನ ಬಾಯಿಂದ ಎಳೀತಾರೆ. ಒಂದೊಂದೂ ಕೈಕೆಲಸ. ಅಂದ್ರೆ ಇದು ಶಾಖಕ್ಕೆ ಮೆತ್ತಗಾಗೋ ವಸ್ತು, ಇದನ್ನ ಆವಾಗ್ಲೇ ತಲೇಲಿ ಇಟ್ಕೊಂಡಿರಬೇಕಿತ್ತು.

ಬೇರೆ ಎಡವಟ್ಟೂ ಮಾಡಿದೀನಿ. 2020ರಲ್ಲಿ ಎಲ್ಲಾದಕ್ಕೂ ಸ್ಯಾನಿಟೈಸರ್ ಹಾಕ್ತಿದ್ವಲ್ಲ, ಅದೇ ಗುಂಗಲ್ಲಿ ಒಂದು ಗೊಂಬೆ ಮುಖ ಒರೆಸಿದೆ, ಒಂದು ಹುಬ್ಬು ಬಟ್ಟೆಗೆ ಬಂತು. ಪ್ಲಾಸ್ಟಿಕ್ ಕವರಲ್ಲಿ ಗಟ್ಟಿಯಾಗಿ ಸುತ್ತಿಟ್ಟಿದ್ದು ವರ್ಷದ ಮೇಲೆ ತೆಗೆದ್ರೆ ಜಿಗುಟು ಜಿಗುಟು. ಪಿವಿಸಿ ಮೆತ್ತಗಿರಲಿ ಅಂತ ಹಾಕಿರೋ ಎಣ್ಣೆಯಂಥದ್ದು ಹೊರಗೆ ಜಿನುಗುತ್ತೆ, ಗಾಳಿ ಆಡ್ದಿದ್ರೆ ಅಲ್ಲೇ ಕೂರುತ್ತೆ. ಉಗುರುಬೆಚ್ಚಗಿನ ನೀರಿಗೆ ಒಂದೆರಡು ಹನಿ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ ಮೃದುವಾಗಿ ತೊಳೆದು ನೆರಳಲ್ಲಿ ಒಣಗಿಸಿದೆ, ಹೋಯ್ತು. ಬಿಸಿಲಿಗಂತೂ ಇಡ್ಲೇಬೇಡಿ, ಬಿಳೀದು ಹಳದಿ ಆದ್ರೆ ಮತ್ತೆ ಬಿಳಿ ಆಗೋದು ಕಷ್ಟ.

2022ರಲ್ಲಿ ವಾಪಸ್ ಮೈಸೂರಿಗೆ ಬಂದೆ. ಆ ದಸರಾದಲ್ಲಿ ಅಮ್ಮ ಗೊಂಬೆ ಕೂರಿಸುವಾಗ ಪಟ್ಟದ ಗೊಂಬೆ ಮೇಲೆ, ಚನ್ನಪಟ್ಟಣದ್ದೆಲ್ಲಾ ನಡುವೆ, ಕೆಳಗಿನ ಮೆಟ್ಟಿಲು ಖಾಲಿ ಇದೆ ಅಂತ ನನ್ನವನ್ನ ಇಟ್ಬಿಟ್ರು. ನಂಗೂ ಖುಷೀನೇ. ಚೆನ್ನಾಗಿ ಕಾಣ್ಲಿ ಅಂತ ನಾನೇ ಹೋಗಿ ಎರಡು ಹ್ಯಾಲೊಜೆನ್ ಲೈಟ್ ಹಾಕಿದೆ. ಮೂರನೇ ದಿನ ಸಂಜೆ ಅರಿಶಿನ ಕುಂಕುಮಕ್ಕೆ ಬಂದ ಪಕ್ಕದ್ಮನೆ ಆಂಟಿ, "ಈ ಹುಡುಗ ನಮಸ್ಕಾರ ಮಾಡ್ತಿದಾನೆ ನೋಡಿ" ಅಂದ್ರು. ಕಡ್ಡಿಕಾಲಿನ ಸೋಫುಬಿ ಹುಡುಗ, ತಲೆ ಭಾರಕ್ಕೆ ಪಾದದ ಹತ್ರ ಬಾಗಿ ಮುಂದಕ್ಕೆ ವಾಲಿದ್ದ. ಪಕ್ಕದಲ್ಲೇ ನಿಂತಿದ್ದ 28 ಸೆಂಟಿಮೀಟರ್ ಬೇರ್‌ಬ್ರಿಕ್ ಅನ್ನೋ ಕರಡಿ ಗೊಂಬೆಗೆ ಏನೂ ಆಗಿರ್ಲಿಲ್ಲ, ಅದು ಗಟ್ಟಿ ಪ್ಲಾಸ್ಟಿಕ್.

ರಾತ್ರಿ ಅಡುಗೆಮನೇಲಿ ನೀರು ಕಾಯಿಸಿ, ಕುದಿಯೋ ಮುಂಚೆ ಇಳಿಸಿ, ಕಾಲು ಮಾತ್ರ ಮುಳುಗೋ ಹಾಗೆ ಒಂದು ನಿಮಿಷ ಹಿಡಿದೆ. ರಬ್ಬರ್ ಥರ ಆಯ್ತು. ನೆಟ್ಟಗೆ ಮಾಡಿ ತಕ್ಷಣ ಐಸ್ ನೀರಿಗೆ ಅದ್ದಿ, ಗಟ್ಟಿ ಆಗೋವರ್ಗೂ ಕೈ ಮರಗಟ್ಟಿದ್ರೂ ಬಿಡ್ಲಿಲ್ಲ. ಎರಡನೇ ಸಲಕ್ಕೆ ನಿಂತ, ಎಡಗಾಲು ಸ್ವಲ್ಪ ಸೊಟ್ಟ. ಈಗ ಎಲ್‌ಇಡಿ ಹಾಕ್ತೀವಿ. ಆಂಟಿ ಮಾತ್ರ ಪ್ರತಿ ವರ್ಷ ಬಂದು "ಯಾಕೆ, ಈ ಸಲ ನಮಸ್ಕಾರ ಇಲ್ವಾ" ಅಂತಾರೆ.