ತರಗೆಲೆಯ ಜೇಡಕ್ಕೆ ಹೆಸರಿಡುವ ಕೆಲಸ: ನನ್ನ ಅನುಭವ

ಹೊಸ ಜೇಡ ಸಿಕ್ಕಿತು ಅಂದ ಕೂಡಲೇ ಜನ ಕೇಳುವುದು, "ಯಾವ ಕಾಡಲ್ಲಿ ಸಿಕ್ತು?" ಅಂತ. ಕಾಡಲ್ಲಿ ಸಿಕ್ಕಿದ್ದು ಒಂದು ಜೇಡ, ಅಷ್ಟೇ. ಅದು ಹೊಸದು ಅಂತ ಗೊತ್ತಾಗಿದ್ದು ಎಷ್ಟೋ ಸಮಯದ ಮೇಲೆ, ಸೂಕ್ಷ್ಮದರ್ಶಕದ ಮುಂದೆ, ಹಳೇ ಪ್ರಬಂಧಗಳ ರಾಶಿ ನಡುವೆ. ಈ ಎರಡನೇ ಭಾಗದ ಬಗ್ಗೆ ಯಾರೂ ಜಾಸ್ತಿ ಕೇಳುವುದಿಲ್ಲ. ನನಗೆ ಹೇಳಬೇಕು ಅನ್ನಿಸುವುದು ಅದನ್ನೇ.

ನಾನು ಕೆಲಸ ಮಾಡುವುದು ಊನೋಪಿಡೇ ಕುಟುಂಬದ ಮೇಲೆ. ಇಂಗ್ಲಿಷಿನಲ್ಲಿ ಗಾಬ್ಲಿನ್ ಸ್ಪೈಡರ್ ಅನ್ನುತ್ತಾರೆ. ಸಾಸಿವೆ ಕಾಳಿನಷ್ಟು ಮೈ. ದೊಡ್ಡದಾದರೂ 3 ಮಿಲಿಮೀಟರ್ ದಾಟುವುದು ಅಪರೂಪ. ಬಹುತೇಕ ಜೇಡಗಳಿಗೆ ಎಂಟು ಕಣ್ಣು, ಇವುಗಳಲ್ಲಿ ಹೆಚ್ಚಿನವಕ್ಕೆ ಆರು. ಬಲೆ ಕಟ್ಟಿ ಕಾಯುವುದಿಲ್ಲ, ತರಗೆಲೆ ಅಡಿಯಲ್ಲಿ ಓಡಾಡಿ ಬೇಟೆ ಹಿಡಿಯುತ್ತವೆ. ಹಲವುಗಳ ಹೊಟ್ಟೆಯ ಮೇಲೆ ಗಟ್ಟಿ ಫಲಕ ಇರುತ್ತದೆ. ಆ ಫಲಕ ಎಷ್ಟು ಅಗಲ, ಕಾಲಿನ ಮುಳ್ಳು ಎಲ್ಲೆಲ್ಲಿದೆ ಅಂತ ನೋಡಿ ಯಾವ ಕುಲ ಅಂತ ಹೇಳಬಹುದು. ನನಗೆ ಸಿಕ್ಕಿದ್ದು ಇಸ್ಕ್ನೋಥೈರಿಯಸ್ ಕುಲದ್ದು.

ಸಿಕ್ಕಿದ್ದು ಉತ್ತರ ಕನ್ನಡದಲ್ಲಿ, ಸಿದ್ದಾಪುರ ಕಡೆಯ ಕಾನಿನಲ್ಲಿ, ಅಂದರೆ ದಟ್ಟ ಹಸಿರು ಕಾಡಿನಲ್ಲಿ. ನಮ್ಮ ಕಡೆ ತೋಟಕ್ಕೂ ಕೊಟ್ಟಿಗೆಗೂ ಸೊಪ್ಪಿನ ಬೆಟ್ಟದಿಂದ ದರಕು, ಅಂದರೆ ಒಣಗಿ ಬಿದ್ದ ಎಲೆ, ಗುಡಿಸಿ ತರುತ್ತಾರೆ. ಗುಡಿಸಿದ ಜಾಗದಲ್ಲಿ ಜರಡಿ ಹಿಡಿದರೆ ನನಗೆ ಹೆಚ್ಚೇನೂ ಸಿಕ್ಕಿಲ್ಲ. ಕಾನಿನೊಳಗೆ, ಹಳ್ಳದ ಪಕ್ಕ, ವರ್ಷಗಟ್ಟಲೆ ಯಾರೂ ಮುಟ್ಟದ ಎಲೆ ಪದರ ಇದೆಯಲ್ಲ, ಅಲ್ಲಿದೆ ಇವುಗಳ ಊರು. ಮಳೆಗಾಲದಲ್ಲಿ ಎಲೆ ಒದ್ದೆ, ಜರಡಿಯಲ್ಲಿ ಇಳಿಯುವುದೇ ಇಲ್ಲ. ಮಳೆ ಬಿಟ್ಟು ನೆಲ ಇನ್ನೂ ತಂಪಾಗಿರುವಾಗ ಹೋಗಬೇಕು. ಬಿಳಿ ಬಟ್ಟೆ ಮೇಲೆ ಜರಡಿ ಆಡಿಸಿ ಸುಮ್ನೆ ಕೂರಬೇಕು. ಮೊದಲು ಮಣ್ಣು, ಕಸ, ಇರುವೆ ಅಷ್ಟೇ ಕಾಣುತ್ತದೆ. ಸ್ವಲ್ಪ ಹೊತ್ತಿಗೆ ಒಂದು ಕೇಸರಿ ಚುಕ್ಕೆ ಓಡುತ್ತದೆ, ನಿಲ್ಲುತ್ತದೆ, ಮತ್ತೆ ಓಡುತ್ತದೆ. ಹೀರುಕೊಳವೆಯಲ್ಲಿ ಎಳೆದು ಆಲ್ಕೋಹಾಲಿಗೆ ಹಾಕಬೇಕು. ಉಳಿದ ಎಲೆಯನ್ನು ವಿಂಕ್ಲರ್ ಚೀಲದಲ್ಲಿ ನೇತುಹಾಕುತ್ತೇನೆ. ಎಲೆ ಒಣಗುತ್ತಾ ಹೋದಂತೆ ಒಳಗಿನ ಜೀವಿಗಳು ಕೆಳಗಿಳಿದು ಬಾಟಲಿಗೆ ಬೀಳುತ್ತವೆ. ಇದಕ್ಕೆಲ್ಲ ಅರಣ್ಯ ಇಲಾಖೆಯ ಅನುಮತಿ ಮೊದಲೇ ಕೈಯಲ್ಲಿರಬೇಕು.

ಬಾಟಲಿಯಲ್ಲಿ ಮರಿಗಳೇ ಜಾಸ್ತಿ. ಮರಿ ನೋಡಿ ಪ್ರಭೇದ ಹೇಳಲು ಆಗುವುದಿಲ್ಲ. ಬೇಕಾದದ್ದು ಬೆಳೆದ ಗಂಡು. ಗಂಡು ಜೇಡದ ಬಾಯಿ ಪಕ್ಕ ಪಾಲ್ಪ್ ಎನ್ನುವ ಎರಡು ಪುಟ್ಟ ಕೈಗಳಿವೆ. ವೀರ್ಯವನ್ನು ಹೆಣ್ಣಿಗೆ ದಾಟಿಸುವುದು ಅವುಗಳಿಂದಲೇ. ಅದರ ತುದಿಯ ಆಕಾರ ಪ್ರಭೇದದಿಂದ ಪ್ರಭೇದಕ್ಕೆ ಬೇರೆ. ಇಸ್ಕ್ನೋಥೈರಿಯಸ್ ಗಂಡಿನ ಪಾಲ್ಪ್ ಕಪ್ಪಗೆ, ಗಟ್ಟಿಯಾಗಿ, ಕೇಸರಿ ಮೈಯಲ್ಲಿ ಎದ್ದು ಕಾಣುತ್ತದೆ.

ಈ ಪಾಲ್ಪನ್ನು ಸರಿಯಾಗಿ ನಿಲ್ಲಿಸುವುದೇ ಒಂದು ಕಲೆ. ಗಾಜಿನ ತಟ್ಟೆಯಲ್ಲಿ ಸ್ಯಾನಿಟೈಸರ್ ಜೆಲ್ ಒಂದು ತೊಟ್ಟು ಹಾಕುತ್ತೇನೆ. ಅದರೊಳಗೆ ಪಾಲ್ಪನ್ನು ಸೂಜಿ ತುದಿಯಿಂದ ನೆಟ್ಟು, ಮೇಲೆ ನಿಧಾನಕ್ಕೆ ಆಲ್ಕೋಹಾಲ್ ಬಿಡುತ್ತೇನೆ. ಜೆಲ್ ಕಣ್ಣಿಗೆ ಕಾಣುವುದಿಲ್ಲ, ಪಾಲ್ಪ್ ಅಲುಗಾಡುವುದಿಲ್ಲ. ಆಮೇಲೆ ಫೋಕಸ್ ಕೂದಲೆಳೆಯಷ್ಟು ಸರಿಸುತ್ತಾ ಹತ್ತಾರು ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಒಂದಾಗಿ ಸೇರಿಸಬೇಕು. ಯಾವಾಗಲೂ ಎಡ ಪಾಲ್ಪಿನ ಚಿತ್ರವನ್ನೇ ಬರೆಯುವುದು ರೂಢಿ. ಒಳ್ಳೆಯ ರೂಢಿ ಅದು. ಎಲ್ಲರೂ ಒಂದೇ ಕಡೆಯದ್ದು ಬರೆದರೆ ಚಿತ್ರ ಪಕ್ಕ ಚಿತ್ರ ಇಟ್ಟು ನೋಡಬಹುದು ಅಲ್ವಾ? ಈ ಕುಲದ ಗಂಡುಗಳ ವಿಷದ ಹಲ್ಲಿನ ಬುಡದಲ್ಲೂ ವಿಚಿತ್ರವಾದ ಚಾಚುಗಳಿರುತ್ತವೆ. ನನ್ನ ಜೇಡ ಬೇರೆ ಅಂತ ಮೊದಲು ಅನುಮಾನ ಬಂದಿದ್ದು ಅಲ್ಲೇ.

ಅನುಮಾನ ಬಂದರೆ ಸಾಲದು. ಈ ಕುಲದಲ್ಲಿ ಈಗಾಗಲೇ ಹೆಸರು ಪಡೆದ ಪ್ರತಿಯೊಂದನ್ನೂ ನೋಡಿ, ಇದು ಅದಲ್ಲ ಅಂತ ತೋರಿಸಬೇಕು. ಪಶ್ಚಿಮ ಘಟ್ಟದ್ದು ಮಾತ್ರ ನೋಡಿದರೆ ಆಗುವುದಿಲ್ಲ. ಶ್ರೀಲಂಕಾದ ಕಾಡುಗಳಿಗೂ ನಮ್ಮ ಘಟ್ಟಕ್ಕೂ ಹಳೇ ನಂಟು. ಅಲ್ಲಿಂದ ಫ್ರೆಂಚ್ ವಿಜ್ಞಾನಿ ಯೂಜೀನ್ ಸೈಮನ್ 1893ರಲ್ಲೇ ಈ ಕುಲದ ಜೇಡಗಳನ್ನು ವಿವರಿಸಿದ್ದಾರೆ. ಆ ವಿವರಣೆಗಳು ಚಿಕ್ಕವು, ಇವತ್ತಿನ ಹೋಲಿಕೆಗೆ ಸಾಲುವುದಿಲ್ಲ. ಅವರ ಸಂಗ್ರಹ ಇರುವುದು ಪ್ಯಾರಿಸ್ ಮ್ಯೂಸಿಯಂನಲ್ಲಿ. ಕುಂಡದ ಮಣ್ಣಿನ ಜೊತೆ ಊರೂರು ಸುತ್ತುವ ಪ್ರಭೇದಗಳೂ ಇವೆ. ಇಸ್ಕ್ನೋಥೈರಿಯಸ್ ವೆಲಾಕ್ಸ್ 1908ರಲ್ಲಿ ಹೆಸರು ಪಡೆದದ್ದು ಇಂಗ್ಲೆಂಡಿನ ಗಾಜಿನ ಮನೆಯ ಜೇಡವಾಗಿ! ಹಾಗಾಗಿ ದೂರದ್ದನ್ನೂ ಬಿಡುವ ಹಾಗಿಲ್ಲ.

ಇಲ್ಲಿ ನನ್ನಂಥವರನ್ನು ಕಾಪಾಡಿದ್ದು ವರ್ಲ್ಡ್ ಸ್ಪೈಡರ್ ಕ್ಯಾಟಲಾಗ್, ಜಗತ್ತಿನ ಜೇಡಗಳ ಆನ್‌ಲೈನ್ ಪಟ್ಟಿ. ಅಮೆರಿಕದ ನಾರ್ಮನ್ ಪ್ಲಾಟ್ನಿಕ್ ಶುರು ಮಾಡಿದ್ದು, ಈಗ ಸ್ವಿಟ್ಜರ್ಲೆಂಡಿನ ಬರ್ನ್ ಮ್ಯೂಸಿಯಂ ನಡೆಸುತ್ತಿದೆ. 2022ರಲ್ಲಿ ಅದರ ಪಟ್ಟಿ 50,000 ಪ್ರಭೇದ ದಾಟಿತು. ನೋಂದಾಯಿಸಿಕೊಂಡರೆ ಸ್ವೀಡನ್ನಿನ ಕಾರ್ಲ್ ಕ್ಲರ್ಕ್ 1757ರಲ್ಲಿ ಜೇಡಗಳ ಮೇಲೆ ಬರೆದ ಪುಸ್ತಕದಿಂದ ಹಿಡಿದು ಇವತ್ತಿನ ತನಕದ ಬರಹಗಳನ್ನು ಓದಬಹುದು. ಕಾಸು ಕೊಡಬೇಕಿಲ್ಲ. ದೊಡ್ಡ ಗ್ರಂಥಾಲಯ ಇಲ್ಲದ ಊರಲ್ಲಿ ಕೂತು ಈ ಕೆಲಸ ಮಾಡಲು ಆಗಿದ್ದು ಇದರಿಂದಲೇ.

ಹೆಣ್ಣನ್ನು ಗುರುತಿಸುವುದು ಇನ್ನೂ ಕಷ್ಟ. ಗುರುತಿಗೆ ಬೇಕಾದದ್ದೆಲ್ಲ ಚರ್ಮದ ಒಳಗಿದೆ. ಲ್ಯಾಕ್ಟಿಕ್ ಆಮ್ಲದಲ್ಲಿಟ್ಟು ಪಾರದರ್ಶಕ ಮಾಡಿದರೆ ಸುತ್ತಿಕೊಂಡ ಒಂದು ಕಪ್ಪು ನಳಿಗೆ ಕಾಣುತ್ತದೆ. ಅದು ಸರಿ, ಆದರೆ ಈ ಹೆಣ್ಣು ಆ ಗಂಡಿನದ್ದೇ ಅಂತ ಹೇಗೆ ಹೇಳುವುದು? ಒಂದೇ ಹಿಡಿ ತರಗೆಲೆಯಲ್ಲಿ ಹತ್ತಿರದ ಎರಡು ಪ್ರಭೇದ ಇರಬಹುದು. ಅದಕ್ಕೆ ಡಿಎನ್ಎ ಬೇಕಾಯಿತು. ಸಿಒಐ ಎಂಬ ಜೀನಿನ ತುಣುಕು ಗಂಡಿನಲ್ಲೂ ಹೆಣ್ಣಿನಲ್ಲೂ ಹೊಂದಿದ ಮೇಲೆಯೇ ಎರಡನ್ನೂ ಒಂದೇ ಹೆಸರಿನಡಿ ಬರೆದೆ.

ಬರೆಯುವ ಕೆಲಸದಲ್ಲಿ ಅಳತೆ, ಬಣ್ಣ, ಮುಳ್ಳಿನ ಲೆಕ್ಕ ಎಲ್ಲ ಬರುತ್ತದೆ. ಅದನ್ನು ಉದ್ದಕ್ಕೆ ಹೇಳಿ ಬೇಜಾರು ಮಾಡುವುದಿಲ್ಲ. ಜೀವ ಇರುವುದು ಭೇದ ಹೇಳುವ ಆ ಎರಡು ಮೂರು ವಾಕ್ಯದಲ್ಲಿ: ಹತ್ತಿರದ ಪ್ರಭೇದಕ್ಕಿಂತ ಇದು ಎಲ್ಲಿ ಬೇರೆ. ನಾನು ಅತಿ ಹೆಚ್ಚು ಸಲ ತಿದ್ದಿದ್ದು ಅವನ್ನೇ. ಹೆಸರನ್ನು ಹೊರುವ ಒಂದೇ ಒಂದು ಗಂಡು, ಅಂದರೆ ಹೋಲೋಟೈಪ್, ಕೋಲ್ಕತ್ತಾದ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯಕ್ಕೆ ಹೋಗುತ್ತದೆ. ಹೊಸ ಪ್ರಭೇದದ ಮಾದರಿಯನ್ನು ಗೊತ್ತುಪಡಿಸಿದ ಭಂಡಾರದಲ್ಲಿ ಇಡಲೇಬೇಕು ಅಂತ 2002ರ ಜೀವವೈವಿಧ್ಯ ಕಾಯ್ದೆ ಹೇಳುತ್ತದೆ. ಕಾಯ್ದೆ ಇಲ್ಲದಿದ್ದರೂ ನಾನು ಕೊಡುತ್ತಿದ್ದೆ. ಮುಂದೆ ಯಾರಿಗಾದರೂ ನನ್ನ ಮಾತಿನ ಮೇಲೆ ಅನುಮಾನ ಬಂದರೆ ಅವರು ಆ ಜೇಡವನ್ನೇ ತೆರೆದು ನೋಡುವ ಹಾಗಿರಬೇಕು.

ಹೆಸರು ಏನು ಅಂತ ಇಲ್ಲಿ ಬರೆಯುತ್ತಿಲ್ಲ. ಪ್ರಬಂಧ ಇನ್ನೂ ವಿಮರ್ಶಕರ ಕೈಯಲ್ಲಿದೆ, ವಿವರಣೆಗಿಂತ ಮೊದಲು ಹೆಸರು ಹೊರಗೆ ಬಂದರೆ ಗೊಂದಲ. ಹಳ್ಳದ ಹೆಸರನ್ನೇ ಇಟ್ಟಿದ್ದೇನೆ ಅಂತಷ್ಟೇ ಹೇಳಬಲ್ಲೆ. ಸದ್ಯಕ್ಕೆ ಗೊತ್ತಿರುವುದು ಒಂದೇ ಜಾಗ. ಈ ಸಲ ಮಳೆ ಬಿಟ್ಟ ಮೇಲೆ ಶರಾವತಿಯ ಆಚೆ ದಡದ ಕಾನುಗಳಲ್ಲಿ ಜರಡಿ ಹಿಡಿಯಬೇಕು. ಇದೇ ಸಿಕ್ಕರೆ ಎಲ್ಲಿಯವರೆಗೆ ಹರಡಿದೆ ಅಂತ ಗೊತ್ತಾಗುತ್ತದೆ. ಬೇರೆ ಸಿಕ್ಕರೆ ಮತ್ತೆ ಪಾಲ್ಪ್, ಮತ್ತೆ ಸೈಮನ್, ಮತ್ತೆ ಮೊದಲಿನಿಂದ ಶುರು.