ಹಟ್ಟಿ ಮನೆಯಾದದ್ದು ಯಾವಾಗ? ಹೆಂಚು, ಗೋಡೆ ಓದುವ ಬಗೆ

ಕರಾವಳಿಯ ಹಳ್ಳಿಗಳಲ್ಲಿ ದನದ ಹಟ್ಟಿಯನ್ನೇ ತಿದ್ದಿ ವಾಸದ ಮನೆ ಮಾಡಿಕೊಂಡದ್ದುಂಟು. ಅದರ ವಯಸ್ಸು ಕೇಳಿದರೆ ಹೆಚ್ಚಿನವರು ಒಂದು ಹೆಂಚು ತೆಗೆದು ಮಗುಚಿ ನೋಡುತ್ತಾರೆ. ‘1865’ ಎಂದು ಕಂಡರೆ ಸಾಕು, ಮನೆಗೆ ನೂರೈವತ್ತು ದಾಟಿತು ಎನ್ನುತ್ತಾರೆ. ಅದು ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ವರ್ಷ, ಆ ಹೆಂಚು ಸುಟ್ಟ ವರ್ಷವಲ್ಲ. ಮೇಲಾಗಿ ಕೆಡವಿದ ಮನೆಯ ಹೆಂಚು ತಂದು ಹೊದೆಸುವುದು ಇಲ್ಲಿ ವಾಡಿಕೆ. ಒಂದೇ ಮಾಡಿನಲ್ಲಿ (ಛಾವಣಿಯಲ್ಲಿ) ಮೂರು ಕಾರ್ಖಾನೆಗಳ ಮುದ್ರೆ ಇದ್ದರೆ ಹೆಂಚಿನ ಸಾಕ್ಷಿ ಬಿಟ್ಟುಬಿಡಿ.

ಹಂತ 1: ಪಂಚಾಯಿತಿಯ ಮನೆ ತೆರಿಗೆ ಪುಸ್ತಕದಲ್ಲಿ ಮನೆ ನಂಬರು ಮೊದಲು ಬಂದ ವರ್ಷ ಗುರುತಿಸಿ. ಹಟ್ಟಿ ಮನೆಯಾದದ್ದು ಬಹುಮಟ್ಟಿಗೆ ಅದಕ್ಕಿಂತ ಹಿಂದೆ.

ಹಂತ 2: ಮಾಡಿನ ಒಳಗೆ ಟಾರ್ಚ್ ಹಿಡಿಯಿರಿ. ಪಕಾಸಿನ (ಹೆಂಚು ಹೊರುವ ಓರೆ ಮರದ) ಮೇಲೆ ಬಾಚಿಯ ಕೆತ್ತು ಇದ್ದರೆ ಕೈಕೆಲಸ. ಕಮಾನಿನಂತೆ ಬಾಗಿದ ಗೀರುಗಳಿದ್ದರೆ ಮಿಲ್ಲಿನ ಗರಗಸ. ಹೆಂಚಿಗಿಂತ ಮೊದಲು ಮುಳಿಹುಲ್ಲಿನ ಹೊದಿಕೆ ಇದ್ದಿದ್ದರೆ ಮಾಡು ಇನ್ನೂ ಕಡಿದಾಗಿರುತ್ತಿತ್ತು. ಅದರ ಓರೆಗೆರೆ ಕಡೆಗೋಡೆಯ (ಮಾಡಿನ ತುದಿಯ ತ್ರಿಕೋನ ಗೋಡೆಯ) ಮೇಲೆ ಉಳಿದಿರಬಹುದು.

ಹಂತ 3, ಗೋಡೆ. ಎಡವುವುದು ಇಲ್ಲೇ. ಸಾರಣೆಯನ್ನೆಲ್ಲ ಕೆಡವಬೇಡಿ; ಬಾಗಿಲ ಪಕ್ಕ, ಮೂಲೆ, ಕಿಟಕಿಯ ಕೆಳಗೆ ಒಂದೊಂದು ಅಡಿ ಚೌಕ ಮಾತ್ರ ಬಿಡಿಸಿ. ಪದರಗಳನ್ನು ಮೇಲಿನಿಂದ ಎಣಿಸುತ್ತ ಹೋಗಿ. ಉಗುರಿಗೆ ಗೀರು ಬಿದ್ದು, ನಿಂಬೆರಸಕ್ಕೆ ನೊರೆ ಬಂದರೆ ಸುಣ್ಣ. ಚಿಪ್ಪಿನ ಚೂರು ಕಂಡರೆ ಕರಾವಳಿಯ ಚಿಪ್ಪುಸುಣ್ಣವೇ ಸರಿ. ಗೀರು ಬೀಳದಿದ್ದರೆ ಸಿಮೆಂಟು. ಬರೀ ನೊರೆ ನೋಡಿ ತೀರ್ಮಾನಿಸಬೇಡಿ, ಹಳೆಯ ಸಿಮೆಂಟಿಗೂ ನೊರೆ ಬರುತ್ತದೆ. ನೊರೆಯೂ ಇಲ್ಲದೆ ನೀರಿಗೆ ಕರಗಿದರೆ ಮಣ್ಣು.

ಈಗ ಮುರಕಲ್ಲಿನ (ಜಂಬಿಟ್ಟಿಗೆಯ) ಸಂದುಗಳನ್ನು ನೋಡಿ. ಸರಿಯಾಗಿ ಕಟ್ಟಿದ ಗೋಡೆಯಲ್ಲಿ ಲಂಬ ಸಂದು ಒಂದೊಂದು ವರಸೆಗೂ ಜಾಗ ಬದಲಿಸುತ್ತದೆ. ನೆಲದಿಂದ ಆಳೆತ್ತರದವರೆಗೆ ನೇರ ಗೆರೆಯಾಗಿ ಹೋದರೆ ಅದು ಮುಚ್ಚಿದ ಬಾಗಿಲಿನ ಅಂಚು. ಇನ್ನೊಂದು ಅಂಚೂ ಸಿಕ್ಕರೆ ಅಗಲ ಅಳೆಯಿರಿ. ಐದಾರು ಅಡಿ ಇದ್ದು, ಹೊಸಿಲಿನ ಗುರುತಿಲ್ಲದಿದ್ದರೆ ದನ ಒಳಹೊರಗೆ ಹೋಗುತ್ತಿದ್ದ ದಾರಿ. ಈಗಿನ ದಾರಂದದ (ಬಾಗಿಲ ಚೌಕಟ್ಟಿನ) ಸುತ್ತ ಕಲ್ಲು ಒಡೆದು ಕೂರಿಸಿದ ಚೂರು ಇದ್ದರೆ ಆ ಬಾಗಿಲು ಆಮೇಲೆ ಬಂದದ್ದು.

ಮೊಣಕಾಲೆತ್ತರದಲ್ಲಿ ಬಿಳಿ ಉಪ್ಪಿನ ಹುಡಿ ಕಾಣುವ ಗೋಡೆಯನ್ನು ಬೇರೆಯಾಗಿ ಗುರುತು ಹಾಕಿ. ಗಂಜಲ ಹೀರಿದ ಕಲ್ಲು ದಶಕಗಳ ಕಾಲ ಉಪ್ಪು ಕಾರುತ್ತಲೇ ಇರುತ್ತದೆ. ಆದರೆ ನೆಲದ ಪಸೆಯಿಂದಲೂ ಹುಡಿ ಬರುವುದರಿಂದ ನಾಲ್ಕೂ ಗೋಡೆಗಳಲ್ಲಿ ಕಂಡರೆ ಅದು ದನದ ಗುರುತಲ್ಲ. ಒಂದೇ ಗೋಡೆಯಲ್ಲಿದ್ದು, ನೆಲವೂ ಅದರತ್ತ ಇಳಿದಿದ್ದರೆ ನಂಬಬಹುದು.

ಹಂತ 4: ಮೂಲೆಯಲ್ಲಿ ಒಂದು ಹಾಸು ಎಬ್ಬಿಸಿ, ಗಂಜಲದ ಕಾಲುವೆ ಇದೆಯೇ ನೋಡಿ.

ಇಷ್ಟನ್ನೂ ಒಂದೇ ನಕ್ಷೆಯಲ್ಲಿ ಬೇರೆ ಬೇರೆ ಬಣ್ಣದಲ್ಲಿ ಗುರುತಿಸಿ. ಬಿಡಿಸಿದ ಚೌಕಗಳನ್ನು ಸುಣ್ಣದ ಗಾರೆಯಲ್ಲೇ ಮುಚ್ಚಿ. ಉಪ್ಪಿನ ಗೋಡೆಗೆ ‘ವಾಟರ್‌ಪ್ರೂಫ್’ ಪೇಂಟ್ ಬಳಿಯುವುದು ವ್ಯರ್ಥ: ಪಸೆ ಹೊರಬರಲು ದಾರಿಯಿಲ್ಲದೆ ಒಳಗೇ ಉಪ್ಪು ಹರಳುಗಟ್ಟಿ ಪೇಂಟನ್ನು ಕಲ್ಲಿನ ಚರ್ಮದ ಸಮೇತ ಕಿತ್ತುಹಾಕುತ್ತದೆ. ಒಣ ಬ್ರಷ್‌ನಲ್ಲಿ ಗುಡಿಸಿ, ಹುಡಿಯನ್ನು ಮನೆಯಿಂದಾಚೆ ಎಸೆಯಿರಿ.